ಗಾಳಿ ಎದ್ದರೆ ಮನೆಯ ಲೈಟು ಮಿಣುಕುವುದೇಕೆ? ಪದೇ ಪದೇ ಕೇಳುವ ಪ್ರಶ್ನೆಗಳು

ಮಲೆನಾಡಿನ ಸೆರಗಿನ ಊರುಗಳಲ್ಲಿ ಮನೆ ವೈರಿಂಗ್ ಕೆಲಸ ಮಾಡುವವನು ನಾನು. ಏಪ್ರಿಲ್-ಮೇ ತಿಂಗಳ ಗುಡುಗು ಮಳೆಗೆ ಒಮ್ಮೆ, ಆಷಾಢದ ಗಾಳಿ ಹಿಡಿದಾಗ ಮತ್ತೊಮ್ಮೆ, ಜನ ಒಂದೇ ವಿಷಯಕ್ಕೆ ಕರೆ ಮಾಡುತ್ತಾರೆ: "ಗಾಳಿ ಬಂದ್ರೆ ಲೈಟ್ ಮಿಣುಕ್ ಮಿಣುಕ್ ಅನ್ನತ್ತೆ, ಏನು ಮಾಡೋದು?" ಅವರು ಕೇಳುವ ಪ್ರಶ್ನೆಗಳನ್ನೇ ಇಲ್ಲಿ ಬರೆದಿದ್ದೇನೆ. ಇದನ್ನು ಓದಿ ನೀವೇ ರಿಪೇರಿಗೆ ಇಳಿಯುವುದು ಬೇಡ. ತೊಂದರೆ ಎಲ್ಲಿದೆ, ಯಾರನ್ನು ಕರೆಯಬೇಕು, ಎಷ್ಟು ಬೇಗ ಕರೆಯಬೇಕು ಎಂದು ಗೊತ್ತಾದರೆ ಸಾಕು.

ಗಾಳಿ ನಿಂತ ಮೇಲೆ ಲೈಟ್ ಸರಿಹೋಗುತ್ತದೆ. ಹಾಗಾದರೆ ಬಿಟ್ಟುಬಿಡಬಹುದಲ್ಲ?

ದಯವಿಟ್ಟು ಬಿಡಬೇಡಿ. ಎಲ್ಲೋ ಒಂದು ಜೋಡಣೆ ಗಾಳಿಗೆ ಮೊದಲೇ ಸಡಿಲವಾಗಿರುತ್ತದೆ. ತಂತಿ ತೂಗಾಡಿದಾಗ ಆ ಜೋಡಣೆ ಬಿಟ್ಟು ಬಿಟ್ಟು ತಾಗುತ್ತದೆ, ಲೈಟು ಮಿಣುಕುತ್ತದೆ. ಗಾಳಿ ನಿಂತಾಗ ತಂತಿ ಮತ್ತೆ ಒಂದು ಕಡೆ ಆನಿಕೊಳ್ಳುವುದರಿಂದ ಎಲ್ಲ ಸರಿಯಾದಂತೆ ಕಾಣುತ್ತದೆ. ಆದರೆ ಪ್ರತಿ ಸಲ ಬಿಟ್ಟು ತಾಗುವಾಗಲೂ ಅಲ್ಲೊಂದು ಸಣ್ಣ ಕಿಡಿ ಹಾರಿರುತ್ತದೆ, ಲೋಹ ಸ್ವಲ್ಪ ಸುಟ್ಟಿರುತ್ತದೆ. ಮುಂದಿನ ಗಾಳಿಗೆ ಅದೇ ಜಾಗ ಇನ್ನಷ್ಟು ಕೆಟ್ಟಿರುತ್ತದೆ. ಜೂನ್‌ನಲ್ಲಿ ವಾರಕ್ಕೊಮ್ಮೆ ಮಿಣುಕಿದ ಲೈಟು ಆಗಸ್ಟ್ ಹೊತ್ತಿಗೆ ಸಣ್ಣ ಗಾಳಿಗೂ ಮಿಣುಕುವುದು ಹೀಗೆ.

ಮೊದಲು ಏನನ್ನು ಗಮನಿಸಬೇಕು?

ಯಾವುದನ್ನೂ ಮುಟ್ಟುವ ಮೊದಲು ಎರಡು ವಿಷಯ ನೋಡಿಕೊಳ್ಳಿ. ಮಿಣುಕುತ್ತಿರುವುದು ಒಂದೇ ಕೋಣೆಯೋ ಇಡೀ ಮನೆಯೋ? ಇಡೀ ಮನೆಯಾದರೆ, ಅದೇ ಕ್ಷಣಕ್ಕೆ ಪಕ್ಕದ ಮನೆಯಲ್ಲೂ ಆಗುತ್ತಿದೆಯೋ? ಕಿಟಕಿಯಲ್ಲಿ ನಿಂತು ಆಚೆ ಮನೆಯ ಲೈಟನ್ನೂ ಬೀದಿ ದೀಪವನ್ನೂ ಒಟ್ಟಿಗೆ ನೋಡಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಒಂದು ಎಚ್ಚರಿಕೆ: ಪಕ್ಕದ ಮನೆ ಬೇರೆ ಫೇಸ್‌ನಲ್ಲಿ, ಅಂದರೆ ಲೈನಿನ ಮೂರು ಕರೆಂಟ್ ತಂತಿಗಳಲ್ಲಿ ಬೇರೊಂದರ ಮೇಲೆ, ಇರಬಹುದು. ಹಾಗಾಗಿ ಒಂದೇ ಮನೆ ನೋಡಿ ತೀರ್ಮಾನಿಸಬೇಡಿ, ಅದೇ ಕಂಬದಿಂದ ತಂತಿ ಎಳೆದಿರುವ ಮೂರು-ನಾಲ್ಕು ಮನೆಯವರನ್ನು ವಿಚಾರಿಸಿ.

ಗಾಳಿ ಯಾವ ದಿಕ್ಕಿನದು, ಆಗ ಮಳೆ ಇತ್ತೋ ಇಲ್ಲವೋ, ಗೀಸರ್ ಅಥವಾ ಮಿಕ್ಸಿ ಓಡುತ್ತಿತ್ತೋ ಎಂಬುದನ್ನೂ ಒಂದು ಚೀಟಿಯಲ್ಲಿ ಬರೆದಿಡಿ. ಫೋನಿನಲ್ಲಿ ವಿಡಿಯೊ ತೆಗೆದಿಟ್ಟರೆ ಇನ್ನೂ ಒಳ್ಳೆಯದು. ಲೈನ್‌ಮನ್ ಬರುವ ಹೊತ್ತಿಗೆ ಗಾಳಿ ನಿಂತಿರುತ್ತದೆ, ಆಗ ತೋರಿಸಲು ನಿಮ್ಮ ಕೈಯಲ್ಲಿ ಬೇರೇನೂ ಇರುವುದಿಲ್ಲ.

ಒಂದೇ ಕೋಣೆಯಲ್ಲಿ ಮಾತ್ರ ಮಿಣುಕುತ್ತದೆ.

ಹಾಗಿದ್ದರೆ ಕಂಬದ ಕಡೆ ನೋಡಬೇಕಿಲ್ಲ. ಹೋಲ್ಡರ್, ಸ್ವಿಚ್ಚು, ಜಂಕ್ಷನ್ ಬಾಕ್ಸು ಇವುಗಳಲ್ಲಿ ಯಾವುದೋ ಒಂದು ಸಡಿಲಾಗಿದೆ. ಕಿಟಕಿಯಿಂದ ಬಂದ ಗಾಳಿಗೆ ತೂಗುದೀಪ ಅಲುಗಿ ಹಾಗಾಗಬಹುದು. ಗೇಟಿನ ದೀಪ, ಟೆರೇಸಿನ ದೀಪ, ಕೊಟ್ಟಿಗೆಗೆ ಎಳೆದುಕೊಂಡ ವೈರು ಇದ್ದರೆ ಮೊದಲ ಅನುಮಾನ ಅವುಗಳ ಮೇಲೆ. ಹಂಚಿನ ಮನೆಗಳಲ್ಲಿ ಅಟ್ಟದ ಮೇಲೆ ಇಲಿ ಕಡಿದ ವೈರನ್ನೂ ನೋಡಿದ್ದೇನೆ. ಮೇನ್ ಆಫ್ ಮಾಡಿ, ಎಲೆಕ್ಟ್ರಿಷಿಯನ್ ಕರೆಸಿ ಬಿಗಿ ಮಾಡಿಸಿ. ಸಣ್ಣ ಕೆಲಸ.

ಇಡೀ ಮನೆ ಮಿಣುಕುತ್ತದೆ, ಅಕ್ಕಪಕ್ಕದವರಿಗೆ ಏನೂ ಆಗುವುದಿಲ್ಲ.

ನನಗೆ ಅತಿ ಹೆಚ್ಚು ಬರುವ ದೂರು ಇದು. ಹೆಚ್ಚಿನ ಪಾಲು ತಪ್ಪು ಕಂಬದಿಂದ ನಿಮ್ಮ ಮೀಟರಿನವರೆಗಿನ ಸರ್ವಿಸ್ ವೈರ್‌ನಲ್ಲಿರುತ್ತದೆ. ಅಲ್ಲಿ ಕೆಡಬಹುದಾದ ಜಾಗಗಳು ಕೆಲವೇ. ಕಂಬದ ತುದಿಯಲ್ಲಿ ಸರ್ವಿಸ್ ವೈರನ್ನು ಲೈನಿಗೆ ಸೇರಿಸಿದ ಜಾಗ, ನಡುವೆ ಹಿಂದೆಂದೋ ಕಡಿದು ಟೇಪು ಸುತ್ತಿದ ಗಂಟು, ಮನೆಯ ಸೂರಿನ ಹತ್ತಿರದ ಪೈಪಿನ ಬಾಯಿ, ಮೀಟರ್ ಬೋರ್ಡಿನ ಫ್ಯೂಸು, ಕಡೆಗೆ ಮೀಟರಿನ ಸ್ಕ್ರೂಗಳು.

ಇವುಗಳಲ್ಲಿ ಕಂಬದ ತುದಿಯೇ ಮೊದಲು. ಲೈನ್ ಅಲ್ಯೂಮಿನಿಯಂ ತಂತಿಯದು. ಸರ್ವಿಸ್ ವೈರನ್ನು ಅದಕ್ಕೆ ಕ್ಲ್ಯಾಂಪ್ ಹಾಕಿ ಬಿಗಿಯುವುದು ಸರಿಯಾದ ಕ್ರಮ. ಬರಿದೆ ನಾಲ್ಕು ಸುತ್ತು ಸುತ್ತಿ ಬಿಟ್ಟ ಜೋಡಣೆಗಳು ಇಂದಿಗೂ ಊರ ತುಂಬ ಇವೆ. ಅಲ್ಯೂಮಿನಿಯಂ ಮೃದು ಲೋಹ. ಬಿಸಿಲಿಗೆ ಹಿಗ್ಗಿ, ರಾತ್ರಿಗೆ ಕುಗ್ಗಿ, ವರ್ಷ ಕಳೆದಂತೆ ಹಿಡಿತ ಬಿಡುತ್ತದೆ. ಅದರ ಮೈಮೇಲೆ ಗಾಳಿ ತಾಗಿದೊಡನೆ ಕಟ್ಟುವ ತೆಳು ಆಕ್ಸೈಡ್ ಪದರ ಕರೆಂಟ್ ಹರಿಯಲು ಬಿಡುವುದಿಲ್ಲ. ತಾಮ್ರದ ವೈರನ್ನು ನೇರವಾಗಿ ಅಲ್ಯೂಮಿನಿಯಂಗೆ ಸುತ್ತಿದ್ದರಂತೂ ಮಳೆನೀರು ಸೇರಿ ಜೋಡಣೆ ತಿಂದುಹೋಗುತ್ತದೆ. ಕುಮಟಾ, ಉಡುಪಿ, ಮಂಗಳೂರಿನ ಕಡಲಂಚಿನ ಮನೆಗಳಲ್ಲಿ ಉಪ್ಪುಗಾಳಿಯಿಂದ ಇದು ಇನ್ನೂ ಬೇಗ ಆಗುತ್ತದೆ.

ಸರ್ವಿಸ್ ವೈರಿನ ಭಾರ ಹೊರಲೆಂದೇ ಪಕ್ಕದಲ್ಲಿ ಒಂದು ಜಿಐ (ಸತು ಲೇಪಿಸಿದ ಕಬ್ಬಿಣದ) ತಂತಿ ಎಳೆದಿರುತ್ತಾರೆ. ಅದು ತುಕ್ಕು ಹಿಡಿದು ಕಡಿದಿದ್ದರೆ ಇಡೀ ಭಾರ ಕರೆಂಟಿನ ವೈರಿನ ಮೇಲೆ, ಅಲ್ಲಿಂದ ಜೋಡಣೆಯ ಮೇಲೆ ಬೀಳುತ್ತದೆ. ಒಂದೊಂದು ಗಾಳಿಯ ಬೀಸೂ ಜೋಡಣೆಯನ್ನು ಎಳೆದೆಳೆದು ಸಡಿಲಿಸುತ್ತದೆ. ನೆಲದ ಮೇಲೆ ನಿಂತೇ ಇದನ್ನು ನೋಡಬಹುದು: ವೈರು ಮೊದಲಿಗಿಂತ ಕೆಳಗೆ ಜೋತಿದೆಯೇ, ಗಾಳಿಗೆ ತೊಟ್ಟಿಲಿನಂತೆ ತೂಗುತ್ತಿದೆಯೇ, ತೆಂಗಿನ ಸೋಗೆಗೋ ಹಂಚಿನ ಅಂಚಿಗೋ ಉಜ್ಜುತ್ತಿದೆಯೇ? ರಾತ್ರಿ ಗಾಳಿ ಜೋರಿದ್ದಾಗ ದೂರದಿಂದ ಕಂಬದ ತುದಿ ನೋಡಿ. ನೀಲಿ ಕಿಡಿ ಕಂಡರೆ ಜಾಗ ಸಿಕ್ಕಿತು.

ಸಡಿಲ ಜೋಡಣೆಯಿಂದ ನಿಜಕ್ಕೂ ಬೆಂಕಿ ಹೊತ್ತಿಕೊಳ್ಳುತ್ತದೆಯೇ?

ಹೊತ್ತಿಕೊಳ್ಳಬಹುದು. ಲೆಕ್ಕ ಹಾಕಿ ನೋಡಿ. 2000 ವ್ಯಾಟ್‌ನ ಗೀಸರ್ 230 ವೋಲ್ಟಿನಲ್ಲಿ ಸುಮಾರು 8.7 ಆಂಪಿಯರ್ ಎಳೆಯುತ್ತದೆ. ಜೋಡಣೆಯಲ್ಲಿ ಅರ್ಧ ಓಮ್‌ನಷ್ಟು ತಡೆ ಇದ್ದರೆ ಸಾಕು, ಆ ಒಂದು ಚುಕ್ಕೆಯಲ್ಲಿ ಸುಮಾರು 38 ವ್ಯಾಟ್ ಶಾಖ ಹುಟ್ಟುತ್ತದೆ. ರೇಡಿಯೊ ರಿಪೇರಿಯವರು ಸೀಸ ಕರಗಿಸುವ ಸೋಲ್ಡರಿಂಗ್ ಕಡ್ಡಿಯ ಶಾಖವೂ ಹೆಚ್ಚು ಕಡಿಮೆ ಅಷ್ಟೇ. ಇಷ್ಟಾದರೂ ವೋಲ್ಟೇಜ್ ಇಳಿದಿರುವುದು ನಾಲ್ಕೂವರೆ ವೋಲ್ಟಿನೊಳಗೆ, ಲೈಟಿನಲ್ಲಿ ಅದು ಅಷ್ಟಾಗಿ ಕಾಣುವುದೂ ಇಲ್ಲ. ಅಂದಮೇಲೆ ಕಣ್ಣಿಗೆ ಕಾಣುವಂತೆ ಲೈಟು ಮಿಣುಕುತ್ತಿದ್ದರೆ ಒಳಗೆ ಎಷ್ಟು ಕೆಟ್ಟಿರಬೇಕು ಯೋಚಿಸಿ. ಈ ಜೋಡಣೆ ಕಂಬದ ಮೇಲಿದ್ದರೆ ವೈರು ಕಡಿದು ಬೀಳುತ್ತದೆ. ಮರದ ಹಲಗೆಯ ಹಳೆಯ ಮೀಟರ್ ಬೋರ್ಡಿನಲ್ಲಿದ್ದರೆ ಹಲಗೆಗೇ ಬೆಂಕಿ ತಗಲುತ್ತದೆ.

ಬೋರ್ಡಿನ ಹತ್ತಿರ ಸುಟ್ಟ ಪ್ಲಾಸ್ಟಿಕ್‌ನ ಅಥವಾ ಮೀನಿನಂತಹ ವಾಸನೆ, ಜುಂಯ್ ಎನ್ನುವ ಸದ್ದು, ಕಂದು ಬಣ್ಣಕ್ಕೆ ತಿರುಗಿದ ಫ್ಯೂಸ್ ಕಟ್ಟೆ, ಇವುಗಳಲ್ಲಿ ಒಂದು ಕಂಡರೂ ಮೇನ್ ಆಫ್ ಮಾಡಿ ಆ ರಾತ್ರಿ ಕತ್ತಲಲ್ಲೇ ಕಳೆಯಿರಿ.

ಅಷ್ಟು ಅಪಾಯವಿದ್ದರೆ ಎಂಸಿಬಿ ಯಾಕೆ ಬೀಳಲಿಲ್ಲ?

ಎಂಸಿಬಿ, ಅಂದರೆ ಬೋರ್ಡಿನಲ್ಲಿ ತಾನೇ ಆಫ್ ಆಗುವ ಸ್ವಿಚ್ಚು, ಬೀಳುವುದು ಕರೆಂಟ್ ಹೆಚ್ಚಾದಾಗ. ಸಡಿಲ ಜೋಡಣೆ ಕರೆಂಟನ್ನು ಹೆಚ್ಚಿಸುವುದಿಲ್ಲ, ಅಡ್ಡಗಟ್ಟುತ್ತದೆ. ಹಾಗಾಗಿ ಎಂಸಿಬಿಗೆ ಅದರ ಸುಳಿವೇ ಸಿಗುವುದಿಲ್ಲ. ಕರೆಂಟ್ ಸೋರಿದರೆ ಕಡಿದುಕೊಳ್ಳುವ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಮನುಷ್ಯನಿಗೆ ಷಾಕ್ ಹೊಡೆದಾಗ ಜೀವ ಉಳಿಸುತ್ತದೆ, ಪ್ರತಿ ಮನೆಯಲ್ಲೂ ಇರಬೇಕು. ಆದರೆ ಈ ದೋಷವನ್ನು ಅದೂ ಹಿಡಿಯುವುದಿಲ್ಲ. ಇಲ್ಲಿ ನಿಮ್ಮ ಕಣ್ಣು, ಮೂಗೇ ಕಾವಲು.

ಲೈಟು ಒಮ್ಮೆ ಡಿಮ್ ಆಗುತ್ತದೆ, ಒಮ್ಮೆ ವಿಪರೀತ ಪ್ರಖರವಾಗುತ್ತದೆ. ಫ್ಯಾನು ಹುಚ್ಚು ಹಿಡಿದಂತೆ ತಿರುಗುತ್ತದೆ. ಏನಿದು?

ಈ ಪುಟದಲ್ಲಿ ಒಂದೇ ಉತ್ತರ ಓದುವಷ್ಟು ಸಮಯವಿದ್ದರೆ ಇದನ್ನು ಓದಿ. ಈಗಲೇ ಮೇನ್ ಆಫ್ ಮಾಡಿ, ಆಮೇಲೆ ಮುಂದಿನ ಸಾಲಿಗೆ ಬನ್ನಿ.

ಲೈಟು ಡಿಮ್ ಆದರೆ ಎಲ್ಲೋ ಸಡಿಲ ಎಂದು ಅರ್ಥ. ಪ್ರಖರವಾದರೆ ನ್ಯೂಟ್ರಲ್, ಅಂದರೆ ಕರೆಂಟ್ ಮರಳುವ ತಂತಿ, ಹೋಗುತ್ತಿದೆ ಎಂದು ಅರ್ಥ. ಬೀದಿಯ ಲೈನಿನಲ್ಲಿ ಮೂರು ಫೇಸ್, ಒಂದು ನ್ಯೂಟ್ರಲ್. ಒಂದು ಫೇಸಿಗೂ ನ್ಯೂಟ್ರಲ್‌ಗೂ ನಡುವೆ 230 ವೋಲ್ಟ್, ಅದು ಮನೆಗೆ ಬರುತ್ತದೆ. ಎರಡು ಫೇಸ್‌ಗಳ ನಡುವೆ ಇರುವುದು 400 ವೋಲ್ಟ್. ನ್ಯೂಟ್ರಲ್ ತಂತಿ ಯಾವುದೋ ಕಂಬದಲ್ಲಿ ಅಥವಾ ಟಿಸಿಯ (ಟ್ರಾನ್ಸ್‌ಫಾರ್ಮರ್) ಹತ್ತಿರ ಬಿಟ್ಟುಹೋದರೆ, ಬೇರೆ ಬೇರೆ ಫೇಸಿನ ಮನೆಗಳು ಒಂದರ ಹಿಂದೆ ಒಂದು ಪೋಣಿಸಿದಂತಾಗಿ ಆ 400 ವೋಲ್ಟನ್ನು ತಮ್ಮೊಳಗೆ ಹಂಚಿಕೊಳ್ಳುತ್ತವೆ. ಹಂಚಿಕೆ ಸಮನಾಗಿರುವುದಿಲ್ಲ. ಹೆಚ್ಚು ಲೋಡ್ ಹಾಕಿದ ಮನೆಗೆ ಕಡಿಮೆ ವೋಲ್ಟೇಜ್, ಕಡಿಮೆ ಲೋಡ್ ಇರುವ ಮನೆಗೆ ಹೆಚ್ಚು. ಒಂದು ಮನೆಯಲ್ಲಿ 2000 ವ್ಯಾಟ್ ಗೀಸರ್, ಇನ್ನೊಂದು ಫೇಸಿನ ಮನೆಯಲ್ಲಿ ಒಟ್ಟು 100 ವ್ಯಾಟ್‌ನ ಲೈಟು-ಟೀವಿ ಮಾತ್ರ ಇದೆ ಎಂದುಕೊಳ್ಳಿ. ಎರಡೇ ಮನೆಗಳ ಲೆಕ್ಕದಲ್ಲಿ ಆ ಟೀವಿಯ ಮೇಲೆ ಬೀಳುವುದು ಸುಮಾರು 380 ವೋಲ್ಟ್. ಮನೆಗೇ ತ್ರೀ ಫೇಸ್ ಸಂಪರ್ಕವಿದ್ದರೆ, ಸರ್ವಿಸ್ ವೈರಿನ ನ್ಯೂಟ್ರಲ್ ಬಿಟ್ಟರೂ ಇದೇ ಆಟ ನಿಮ್ಮ ಮನೆಯೊಳಗಿನ ಕೋಣೆಗಳ ನಡುವೆ ನಡೆಯುತ್ತದೆ.

ಕೆಲವು ವರ್ಷಗಳ ಹಿಂದೆ ನಮ್ಮ ಓಣಿಯಲ್ಲೇ ಹೀಗಾಯಿತು. ಸಂಜೆಯ ಗಾಳಿಗೆ ಹಾಲಿನ ಲೈಟು ಎರಡು ಸಲ ಹೊಳೆದು ಹೊಳೆದು ಅಡಗಿತು. ನಾನು ಎದ್ದು ಮೀಟರ್ ಬೋರ್ಡಿನ ಹತ್ತಿರ ಹೋಗುವಷ್ಟರಲ್ಲಿ ಸೆಟ್‌ಟಾಪ್ ಬಾಕ್ಸಿನಿಂದ ಹೊಗೆ ಬಂದಿತ್ತು. ಎದುರು ಮನೆಯ ಫ್ರಿಜ್ ಹೋಯಿತು. ಅವರು ಹೊಸದಾಗಿ ಕೊಂಡದ್ದು, ಕಂತು ಇನ್ನೂ ತೀರಿರಲಿಲ್ಲ. ತಮ್ಮ ಮನೆಯ ಲೈಟು ವಾರದ ಹಿಂದೆಯೂ ಒಮ್ಮೆ ಹೊಳೆದಿತ್ತೆಂದು ಆ ಎದುರು ಮನೆಯ ಅಜ್ಜಿ ಆಮೇಲೆ ಹೇಳಿದರು. ಆ ಮಾತನ್ನು ವಾರ ಮೊದಲೇ ಯಾರಾದರೂ ಕೇಳಿಸಿಕೊಳ್ಳಬೇಕಿತ್ತು ಎಂದು ಇಂದಿಗೂ ಅನ್ನಿಸುತ್ತದೆ.

ಪ್ಲಗ್ಗಿನ ಎರಡೂ ತೂತಿನಲ್ಲಿ ಟೆಸ್ಟರ್ ಉರಿಯುತ್ತಿದೆ, ಆದರೆ ಲೈಟು ಹತ್ತುತ್ತಿಲ್ಲ.

ನಿಮ್ಮ ನ್ಯೂಟ್ರಲ್ ಕಡಿದಿದೆ. ಆನ್ ಇರುವ ಯಾವುದೋ ಲೈಟು ಅಥವಾ ಫ್ಯಾನಿನ ಮೂಲಕ ಫೇಸ್ ಹಾದು ನ್ಯೂಟ್ರಲ್ ತಂತಿಗೂ ಬಂದು ನಿಂತಿದೆ. ಈಗ ಆ ಮನೆಯಲ್ಲಿ ಎರಡೂ ತಂತಿ ಅಪಾಯವೇ.

ಇಲ್ಲಿ ಕೆಲವರು ಮಾಡುವ ಒಂದು ಕೆಲಸವನ್ನು ಕೈಮುಗಿದು ಬೇಡವೆನ್ನುತ್ತೇನೆ. ನ್ಯೂಟ್ರಲ್ ಹೋಗಿದೆಯೆಂದು ಅರ್ಥಿಂಗ್ ತಂತಿಯನ್ನೇ ನ್ಯೂಟ್ರಲ್‌ಗೆ ಸೇರಿಸಿ ಲೈಟು ಹತ್ತಿಸಿಕೊಳ್ಳುತ್ತಾರೆ. "ಹತ್ತಿತಲ್ಲ" ಎಂಬ ಸಮಾಧಾನವೂ ಆಗುತ್ತದೆ. ಆದರೆ ಅದೇ ಅರ್ಥಿಂಗ್ ತಂತಿ ನಿಮ್ಮ ಫ್ರಿಜ್, ವಾಷಿಂಗ್ ಮಷೀನ್, ಗೀಸರ್‌ಗಳ ಮೈಗೂ ಸೇರಿದೆ. ಬೇಸಿಗೆಯಲ್ಲಿ ಒಣಗಿದ ಅರ್ಥಿಂಗ್ ಗುಂಡಿಯ ತಡೆ ಹೆಚ್ಚಿದ್ದರೆ ಅವುಗಳ ಮೈಗೆಲ್ಲ ಕರೆಂಟ್ ಬರುತ್ತದೆ. ಬಚ್ಚಲಲ್ಲಿ ಒದ್ದೆ ಕೈಯಲ್ಲಿ ಗೀಸರ್ ಮುಟ್ಟುವ ಮಗುವನ್ನು ನೆನೆದುಕೊಂಡು ಆ ತಂತಿಯಿಂದ ದೂರ ಇರಿ.

ಬೀದಿಗೆ ಬೀದಿಯೇ ಮಿಣುಕುತ್ತದೆ.

ಆಗ ತೊಂದರೆ ಲೈನಿನಲ್ಲಿದೆ. ಎರಡು ಕಂಬಗಳ ನಡುವೆ ಜೋತುಬಿದ್ದ ತಂತಿಗಳು ಗಾಳಿಗೆ ಒಂದಕ್ಕೊಂದು ತಾಗಿ ಚಟ್ ಎಂದು ಕಿಡಿ ಹಾರುವುದು, ಮರದ ಕೊಂಬೆ ಬಂದು ಬಂದು ಒರೆಸುವುದು, ಕಂಬದ ಜಂಪರ್ (ಎರಡು ಕಡೆಯ ತಂತಿ ಸೇರಿಸುವ ತುಂಡು ತಂತಿ) ಸಡಿಲಾಗಿರುವುದು ಇವೇ ಮುಖ್ಯ ಕಾರಣಗಳು. ತಂತಿಗಳು ತಾಗದಂತೆ ನಡುವೆ ಸ್ಪೇಸರ್ ಕಟ್ಟಬಹುದು, ತಂತಿ ಬಿಗಿಯಬಹುದು, ವಾಲಿದ ಕಂಬಕ್ಕೆ ಸ್ಟೇ (ಎಳೆದು ಹಿಡಿಯುವ ಆಸರೆ ತಂತಿ) ಕೊಡಬಹುದು. ಬರಿತಂತಿ ತೆಗೆದು ಹೊದಿಕೆಯಿರುವ ಎಬಿ ಕೇಬಲ್ ಎಳೆದ ಬೀದಿಗಳಲ್ಲಿ ತಂತಿ ತಂತಿ ತಾಗುವ ಕಾಟವೇ ಇಲ್ಲ. ಇವೆಲ್ಲ ಎಸ್ಕಾಂನವರು, ಅಂದರೆ ಕರೆಂಟ್ ಕೊಡುವ ಕಂಪನಿಯವರು, ಮಾಡುವ ಕೆಲಸ. ಬೀದಿಯವರೆಲ್ಲ ಸೇರಿ ಒಂದು ಅರ್ಜಿ ಬರೆದು ಸೆಕ್ಷನ್ ಆಫೀಸಿಗೆ ಕೊಟ್ಟು, ಸ್ವೀಕೃತಿ ಹಾಕಿಸಿಕೊಳ್ಳಿ. ಮಳೆಗಾಲಕ್ಕೆ ಮೊದಲೇ ಕೊಟ್ಟರೆ ಕೊಂಬೆ ಕಡಿಯುವ ಪಟ್ಟಿಗೆ ನಿಮ್ಮ ಬೀದಿಯೂ ಸೇರುತ್ತದೆ.

ಇಡೀ ಊರೇ ಒಂದು ಕ್ಷಣ ಡಿಮ್ ಆಗಿ ಸರಿಹೋದರೆ ಅದು ದೂರದ 11 ಕೆವಿ ಲೈನಿಗೆ ಏನೋ ತಾಗಿದ್ದು. ಅದಕ್ಕೆ ಮನೆಯಲ್ಲಿ ಮಾಡುವಂಥದ್ದೇನೂ ಇಲ್ಲ.

ಸೋಗೆ ತಂತಿಯ ಮೇಲೆ ಬಿದ್ದಿದೆ. ದೋಟಿಯಲ್ಲಿ ಎಳೆದುಬಿಡಲೇ?

ಬೇಡ. ಬೇಡವೇ ಬೇಡ. ಒಣ ಬಿದಿರು ಎಂದುಕೊಂಡದ್ದು ಮಳೆಯಲ್ಲಿ ಒಣದಾಗಿರುವುದಿಲ್ಲ. ಅಲ್ಯೂಮಿನಿಯಂ ದೋಟಿಯಂತೂ ಶುದ್ಧ ತಂತಿಯೇ. ಈಗ ಅಡಿಕೆ ಕೊಯ್ಯಲು, ಔಷಧಿ ಹೊಡೆಯಲು ಬಂದಿರುವ ಕಾರ್ಬನ್ ಫೈಬರ್ ದೋಟಿಯನ್ನು ಹಲವರು ಪ್ಲಾಸ್ಟಿಕ್ ಎಂದು ತಿಳಿದಿದ್ದಾರೆ. ಕಾರ್ಬನ್ ಫೈಬರ್‌ನಲ್ಲಿ ವಿದ್ಯುತ್ ಹರಿಯುತ್ತದೆ. ತೋಟದಲ್ಲಿ ಕೆಲಸ ಮಾಡುವ ಎಲ್ಲರಿಗೂ ಈ ಒಂದು ಮಾತನ್ನು ಹೇಳಿ.

ತಂತಿ ಕಡಿದು ನೆಲಕ್ಕೆ ಬಿದ್ದಿದ್ದರೆ?

ಕಿಡಿ ಬರುತ್ತಿಲ್ಲ, ಬೀದಿಯಲ್ಲಿ ಕರೆಂಟ್ ಇಲ್ಲ ಎಂದು ನಂಬಬೇಡಿ. ಕನಿಷ್ಠ 10 ಮೀಟರ್ ದೂರ ನಿಂತು ದಾರಿಯ ಎರಡೂ ಕಡೆ ಜನರನ್ನೂ ದನಕರುಗಳನ್ನೂ ತಡೆಯಿರಿ, 1912ಕ್ಕೆ ಕರೆ ಮಾಡಿ. ನೀವೇ ಆ ಹತ್ತು ಮೀಟರ್ ಒಳಗೆ ಸಿಕ್ಕಿದ್ದರೆ ದೊಡ್ಡ ಹೆಜ್ಜೆ ಇಡಬೇಡಿ. ತಂತಿ ಬಿದ್ದ ಜಾಗದಿಂದ ದೂರವಾದಂತೆ ನೆಲದ ವೋಲ್ಟೇಜ್ ಇಳಿಯುತ್ತಾ ಹೋಗುತ್ತದೆ, ಅಗಲಿಸಿಟ್ಟ ಎರಡು ಕಾಲುಗಳ ನಡುವಿನ ವ್ಯತ್ಯಾಸವೇ ಜೀವ ತೆಗೆಯಬಹುದು. ಕಾಲುಗಳನ್ನು ಕೂಡಿಸಿಕೊಂಡು, ಪಾದ ನೆಲದಿಂದ ಎತ್ತದೆ, ಇಷ್ಟಿಷ್ಟೇ ಸರಿಯುತ್ತಾ ಹೊರಗೆ ಬನ್ನಿ. ಮುಂಗಾಲು-ಹಿಂಗಾಲುಗಳ ಅಂತರ ಹೆಚ್ಚಿರುವುದರಿಂದಲೇ ಇಂಥಲ್ಲಿ ಎಮ್ಮೆ, ಹಸುಗಳು ಬೇಗ ಸಾಯುವುದು.

ಎಲ್‌ಇಡಿ ಬಲ್ಬ್ ಮಾತ್ರ ಮಿಣುಕುತ್ತದೆ, ಫ್ಯಾನ್ ಸರಿಯಿದೆ. ಬಲ್ಬ್ ಬದಲಿಸಿದರೆ ಆಯಿತಲ್ಲ?

ಬಲ್ಬ್ ಬದಲಿಸಿ ನೋಡುವುದರಲ್ಲಿ ತಪ್ಪಿಲ್ಲ. ಆದರೆ ಫ್ಯಾನಿನ ರೆಕ್ಕೆಗಳು ಅರೆಕ್ಷಣ ಕರೆಂಟ್ ಇಲ್ಲದಿದ್ದರೂ ತಿರುಗುತ್ತಲೇ ಇರುತ್ತವೆ, ಆದ್ದರಿಂದ ಫ್ಯಾನು ಸಾಕ್ಷಿಯಾಗುವುದಿಲ್ಲ. ಒಳ್ಳೆಯ ಡ್ರೈವರ್ (ಬಲ್ಬಿನೊಳಗಿನ ಸರ್ಕ್ಯೂಟ್) ಇರುವ ಎಲ್‌ಇಡಿಗಳು ವೋಲ್ಟೇಜ್ ಬಹಳ ಇಳಿದರೂ ಒಂದೇ ಬೆಳಕು ಕೊಡುತ್ತವೆ. ಅಂಥ ಬಲ್ಬ್ ಹಾಕಿದ ಮೇಲೆ ಮಿಣುಕುವುದು ನಿಂತರೆ ರೋಗ ವಾಸಿಯಾಯಿತು ಎನ್ನುವಂತಿಲ್ಲ. ನಾನು ಪರೀಕ್ಷೆಗೆ ಹೋಗುವಾಗ ಹಳೆಯ ಕಾಲದ 60 ವ್ಯಾಟ್‌ನ ಬುರುಡೆ ಬಲ್ಬ್ ಒಂದನ್ನು ಈಗಲೂ ಚೀಲದಲ್ಲಿ ಇಟ್ಟುಕೊಂಡಿರುತ್ತೇನೆ. ವೋಲ್ಟೇಜಿನ ಪ್ರತಿ ಏರಿಳಿತವನ್ನೂ ಅದು ಮುಚ್ಚಿಡದೆ ತೋರಿಸುತ್ತದೆ.

ಯುಪಿಎಸ್ ಗಾಳಿಯ ದಿನ ಟಿಕ್ ಟಿಕ್ ಎನ್ನುತ್ತದೆ. ಸ್ಟೇಬಿಲೈಜರ್ ಹಾಕಿಸಲೇ?

ಆ ಟಿಕ್ ಟಿಕ್ ಯುಪಿಎಸ್‌ನ ದೋಷವಲ್ಲ. ಲೈನ್ ಕಡಿದಾಗಲೆಲ್ಲ ಅದು ಬ್ಯಾಟರಿಗೆ ಹೊರಳಿ ಮರಳುತ್ತಿದೆ. ನಿಮಗೆ ಕಾಣದ ಕಡಿತಗಳನ್ನು ಅದು ಎಣಿಸಿ ಹೇಳುತ್ತಿದೆ ಎಂದುಕೊಳ್ಳಿ. ಸ್ಟೇಬಿಲೈಜರ್ ನಿಧಾನವಾಗಿ ಇಳಿಯುವ ವೋಲ್ಟೇಜಿಗೆ ಮದ್ದು. ಬಿಟ್ಟು ಬಿಟ್ಟು ತಾಗುವ ಜೋಡಣೆಗೆ ಅದರಿಂದ ಪ್ರಯೋಜನವಿಲ್ಲ. ವೋಲ್ಟೇಜ್ ಏರಿದಾಗ, ಇಳಿದಾಗ ತಾನೇ ಕಡಿದುಕೊಳ್ಳುವ ಪ್ರೊಟೆಕ್ಟರ್ ಒಂದನ್ನು ಮೇನ್ ಹತ್ತಿರ ಹಾಕಿಸಿದರೆ ನ್ಯೂಟ್ರಲ್ ಹೋದ ದಿನ ಟೀವಿ, ಫ್ರಿಜ್ ಉಳಿಯುತ್ತವೆ. ಸ್ಟೇಬಿಲೈಜರಿನ ದುಡ್ಡು ಅದಕ್ಕೆ ಹಾಕಿ.

ವೋಲ್ಟೇಜ್ ಅಳೆದು ನೋಡಬಹುದೇ?

ಪ್ಲಗ್ಗಿಗೆ ಚುಚ್ಚುವ ಅಂಕಿ ತೋರಿಸುವ ಸಣ್ಣ ವೋಲ್ಟ್ ಮೀಟರ್ ಸಾಕು. ನಿಯಮದಂತೆ 230 ವೋಲ್ಟಿಗೆ ಶೇ. 6ರ ಏರಿಳಿತ ಇರಬಹುದು, ಅಂದರೆ ಸುಮಾರು 216ರಿಂದ 244. ಗಾಳಿಯಿಲ್ಲದ ಹೊತ್ತು ಒಮ್ಮೆ ನೋಡಿ, ಗೀಸರ್ ಹಾಕಿ ಇನ್ನೊಮ್ಮೆ ನೋಡಿ. ಇಡೀ ವೈರಿನ ಉದ್ದಕ್ಕೆ ಹಂಚಿಹೋಗಿ ನಾಲ್ಕೈದು ವೋಲ್ಟ್ ಇಳಿಯುವುದು ಸಹಜ. ಕಂಬದ ಬುಡದಲ್ಲೇ ಇರುವ ಮನೆಯಲ್ಲಿ ಹದಿನೈದು-ಇಪ್ಪತ್ತು ವೋಲ್ಟ್ ಇಳಿದರೆ ಜೋಡಣೆ ಕೆಟ್ಟಿದೆ. ಟಿಸಿಯಿಂದ ಬಹುದೂರದ ಒಂಟಿ ಮನೆಗಳಲ್ಲಿ ಮಾತ್ರ ಲೈನ್ ಉದ್ದದಿಂದಲೇ ಅಷ್ಟು ಇಳಿಯುವುದುಂಟು; ಅಂಥವರು ನೆರೆಮನೆಯ ಅಂಕಿಯೊಂದಿಗೆ ಹೋಲಿಸಿಕೊಳ್ಳಬೇಕು.

ತೋಟದ ಪಂಪ್‌ಸೆಟ್‌ಗೂ ಇದರಿಂದ ತೊಂದರೆಯೇ?

ಹೌದು. ಗಾಳಿಗೆ ಮೂರು ಫೇಸ್‌ಗಳಲ್ಲಿ ಒಂದು ಕಡಿದರೆ ಮೋಟಾರ್ ಎರಡರಲ್ಲೇ ಗೊಂಯ್ ಎನ್ನುತ್ತಾ ಕಾದು ಸುಟ್ಟುಹೋಗುತ್ತದೆ. ಒಂದು ಫೇಸ್ ಹೋದೊಡನೆ ಮೋಟಾರ್ ನಿಲ್ಲಿಸುವ ಸಿಂಗಲ್ ಫೇಸ್ ಪ್ರಿವೆಂಟರ್ ಸ್ಟಾರ್ಟರಿನಲ್ಲಿ ಇಲ್ಲದಿದ್ದರೆ ಹಾಕಿಸಿ. ಇದ್ದದ್ದನ್ನು ಬೈಪಾಸ್ ಮಾಡಿ ಓಡಿಸುವವರು ಗಾಳಿಯ ದಿನಗಳಲ್ಲಾದರೂ ಹಾಗೆ ಮಾಡಬಾರದು.

ದೂರು ಕೊಡುವಾಗ ಏನು ಹೇಳಬೇಕು?

ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ, ಜೆಸ್ಕಾಂ, ಸೆಸ್ಕ್ ಯಾವುದೇ ಇರಲಿ, 1912. ಬಿಲ್ಲಿನಲ್ಲಿರುವ ಆರ್‌ಆರ್ ಸಂಖ್ಯೆ ಕೈಯಲ್ಲಿರಲಿ. "ಕರೆಂಟ್ ಸರಿ ಇಲ್ಲ" ಎಂದರೆ ದೂರು ಸಾಲಿನ ಕೊನೆಗೆ ಹೋಗುತ್ತದೆ. "ಗಾಳಿ ಬಂದಾಗ ಇಡೀ ಮನೆ ಮಿಣುಕುತ್ತದೆ, ಪಕ್ಕದ ಮನೆಗಳಿಗೆ ಇಲ್ಲ, ಕಂಬದಲ್ಲಿ ಸರ್ವಿಸ್ ವೈರಿನ ಹತ್ತಿರ ಕಿಡಿ ಕಾಣುತ್ತದೆ" ಎಂದು ಹೇಳಿ. ಲೈಟು ಪ್ರಖರವಾಗುತ್ತಿದ್ದರೆ "ನ್ಯೂಟ್ರಲ್ ಕಟ್ ಆಗುತ್ತಿದೆ" ಎಂಬ ಪದಗಳನ್ನೇ ಬಳಸಿ, ಲೈನ್‌ಮನ್‌ಗೆ ತಕ್ಷಣ ಅರ್ಥವಾಗುತ್ತದೆ. ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ.

ಕಂಬ, ಲೈನು, ಕಂಬದ ಮೇಲಿನ ಜೋಡಣೆ, ಮೀಟರಿನ ಸೀಲ್ ಒಳಗಿನದೆಲ್ಲ ಎಸ್ಕಾಂನದು. ಮೀಟರಿನಿಂದ ಒಳಗಿನದು ನಿಮ್ಮದು. ಖಾಸಗಿ ಎಲೆಕ್ಟ್ರಿಷಿಯನ್‌ನನ್ನು ಕಂಬ ಹತ್ತಿಸಬೇಡಿ, ಅವನು ಒಪ್ಪಿದರೂ. ಮತ್ತೆ, ಬಿರುಗಾಳಿ ಬೀಸುತ್ತಿರುವಾಗಲೇ ಲೈನ್‌ಮನ್ ಕಂಬ ಹತ್ತಬೇಕೆಂದು ಒತ್ತಾಯಿಸಬೇಡಿ. ಅವರ ಮನೆಯಲ್ಲೂ ಕಾಯುವವರಿದ್ದಾರೆ.

ಸರಿ ಮಾಡಿ ಹೋದರು. ನಿಜಕ್ಕೂ ಸರಿಯಾಗಿದೆಯೆಂದು ತಿಳಿಯುವುದು ಹೇಗೆ?

ಹಳೆಯ ತಂತಿಯ ಸುಟ್ಟ ತುದಿಯನ್ನು ಕತ್ತರಿಸಿ, ಹೊಸ ಲೋಹಕ್ಕೆ ಕ್ಲ್ಯಾಂಪ್ ಹಾಕಿದರೇ ಎಂದು ಕೆಳಗೆ ನಿಂತೇ ಕೇಳಿ. ಕಪ್ಪಾದ ತುದಿಯನ್ನೇ ಮತ್ತೆ ಸುತ್ತಿದ್ದರೆ ಒಂದು ಮಳೆಗಾಲ ತಡೆಯುವುದಿಲ್ಲ. ಎರಡೂ ತಂತಿ ನೋಡಿದರೇ ಎಂದೂ ಕೇಳಿ. ಫೇಸ್ ಒಂದನ್ನೇ ಬಿಗಿದು ನ್ಯೂಟ್ರಲ್ ಹಾಗೇ ಬಿಟ್ಟು ಇಳಿಯುವುದುಂಟು. ಆಮೇಲೆ ಮೊದಲ ಜೋರು ಗಾಳಿಯ ಸಂಜೆ ಗೀಸರ್ ಹಾಕಿ, ಹಾಲಿನ ಲೈಟಿನ ಕೆಳಗೆ ಹತ್ತು ನಿಮಿಷ ಕುಳಿತು ನೋಡಿ. ವೋಲ್ಟ್ ಮೀಟರ್ ಇದ್ದರೆ ಪಕ್ಕದ ಪ್ಲಗ್ಗಿನಲ್ಲಿ ಚುಚ್ಚಿಟ್ಟುಕೊಳ್ಳಿ. ಅಂಕಿಯ ಏರಿಳಿತ ಮೂರು-ನಾಲ್ಕು ವೋಲ್ಟಿನೊಳಗೇ ಇದ್ದರೆ ಎದ್ದು ಊಟಕ್ಕೆ ಹೋಗಿ.